ತೊಟ್ಟಿಮನೆಯ ಭಾನುವಾರಗಳು

ತನ್ನನ್ನು ಕಂಡರೆ ವನಜಾಕ್ಷಿಗೆ ಆಗುವುದಿಲ್ಲ ಎಂದೇ ತೋಂಟದಾರ್ಯ ತಿಳಿದಿದ್ದ.

ಅರಳಗುಪ್ಪೆ ಹತ್ತಿರ ಅವನ ತಾತ ಬಾಳಿದ ತೊಟ್ಟಿಮನೆಯನ್ನು ಮ್ಯೂಸಿಯಂ ಮಾಡಲೆಂದು ಮನೆಯವರು ಊರಿಗೆ ಬಿಟ್ಟುಕೊಟ್ಟಿದ್ದರು. ಭಾನುವಾರ ಬಂತೆಂದರೆ ಅವನು ತಿಪಟೂರಿನ ಕೊಬ್ಬರಿ ಅಂಗಡಿಗೆ ಬೀಗ ಹಾಕಿ ಕೆಲಸಕ್ಕೆ ಬರುತ್ತಿದ್ದ. ತುರುವೇಕೆರೆ ಹೈಸ್ಕೂಲಿನ ಟೀಚರ್ ವನಜಾಕ್ಷಿಯೂ ಸೇವೆಗೆಂದು ಬರುತ್ತಿದ್ದಳು.

ಹೊರಜಗಲಿಯ ಕಂಬಗಳ ಹಳೇ ಪೇಂಟ್ ಉಜ್ಜಿ ತೆಗೆಯುವಾಗ ಇಬ್ಬರೂ ಒಂದೇ ಕಂಬದ ಆಚೆ ಈಚೆ. ಅವಳ ಮೂಗಿನ ತುದಿಗೆ ಧೂಳು ಮೆತ್ತಿದರೆ ಇವನಿಗೆ ನಗು. ಅವಳು ಹುಬ್ಬೇರಿಸಿ ನೋಡಿ, ವೇಲಿನಲ್ಲಿ ಒರೆಸಿಕೊಳ್ಳಲು ಹೋಗಿ, ಕೆನ್ನೆಗೂ ಬಳಿದುಕೊಳ್ಳುತ್ತಿದ್ದಳು. ವಾರವಿಡೀ ಅಂಗಡಿಯಲ್ಲಿ ಅವನ ಕಣ್ಮುಂದೆ ಅದೇ ಮುಖ.

ಆದರೆ ಅಡಿಗೆಮನೆಯಿಂದ ಅವನು ಕರೆದರೆ ಅವಳು ಒಳಗೆ ಬರುತ್ತಿರಲಿಲ್ಲ. ಟೀ ಕೊಟ್ಟರೂ ಹೊರಗೇ ನಿಂತು ಕೈ ಚಾಚುತ್ತಿದ್ದಳು.

ಉದ್ಘಾಟನೆಯ ಹಿಂದಿನ ದಿನ, ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ ಅವಳನ್ನು ಅಡಿಗೆಮನೆ ಬಾಗಿಲಿಂದಲೇ ತಡೆಯಲಾಗದೆ ಕೇಳಿಯೇಬಿಟ್ಟ. "ಟೀಚರೇ, ನಾನಿರೋ ಕಡೆ ಕಾಲಿಡಬಾರ್ದು ಅಂತ ಏನಾದ್ರೂ ವ್ರತಾನಾ?"

ಅವಳು ನಗಲಿಲ್ಲ. "ನಮ್ಮಜ್ಜಿ ರಾಮಕ್ಕ ಈ ಹಿತ್ತಲಲ್ಲೇ ಕಾಯಿ ಸುಲೀತಿದ್ರು. ಒಳಗೆ ಬರೋ ಹಾಗಿರ್ಲಿಲ್ಲ ಕಣ್ರೀ. ಅದು ನೆನಪಾದ್ರೆ ನಂಗೂ ಕಾಲು ಬರಲ್ಲ."

ಇಷ್ಟು ದಿನ ಅವನು ತನ್ನ ಆಸೆಯನ್ನೇ ನೋಡಿಕೊಂಡು ಅವಳ ನೋವು ಕಾಣದೇ ಹೋಗಿದ್ದ. ಹೊರಗೆ ಬಂದು ಕಟ್ಟೆಯ ಮೇಲೆ ಅವಳ ಪಕ್ಕ ಕೂತ.

"ನಾಳೆಯಿಂದ ಯಾರು ಬೇಕಾದ್ರೂ ಒಳಗೆ ಬರಬಹುದು. ನೀವೇ ಬರಲ್ವಲ್ಲ, ಅದೇ ಸಂಕಟ."

"ಬರಕ್ಕೆ ಇನ್ನೇನು ಕೆಲಸ ಉಳಿದಿದೆ?"

"ಕೆಲಸ ಬುಡಿ. ನಾನಿದೀನಲ್ಲ. ನನ್ನ ಮದುವೆ ಆಗ್ತೀರಾ?"

ಅವಳು ತೆಂಗಿನ ಗರಿಗಳತ್ತ ನೋಡಿದಳು. ಆಮೇಲೆ ಮೆಲ್ಲಗೆ, "ನಿಮ್ಮಮ್ಮ?" ಎಂದಳು.

"ಹೇಳಿದೀನಿ. ಮಾತು ಬಿಟ್ಟಿದ್ರು. ಇವತ್ತು ಬೆಳಿಗ್ಗೆ, 'ಆ ಹುಡುಗಿ ಏನಂತಾಳೆ, ಮೊದ್ಲು ಅದ್ನ ಕೇಳ್ಕೊಂಡ್ ಬಾ' ಅಂದ್ರು."

ವನಜಾಕ್ಷಿಯ ಕಣ್ಣು ತುಂಬಿತು. "ಭಾನುವಾರ ಸಂಜೆ ಇಲ್ಲಿಂದ ಬಸ್ ಹತ್ತುತ್ಲೇ ಮುಂದಿನ ಭಾನುವಾರಕ್ಕೆ ಕಾಯ್ತಿದ್ದೆ ರೀ. ನಿಮಗೆ ಗೊತ್ತೇ ಆಗ್ಲಿಲ್ಲ."

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಅಪ್ಪ ಚಿಕ್ಕಹನುಮಯ್ಯನಿಗೆ ಕರೆ ಮಾಡಿದಳು.

"ಅಪ್ಪಾ, ನಾಳೆ ಸಂಜೆ ಮನೇಲೇ ಇರು. ಒಬ್ರನ್ನ ಕರ್ಕೊಂಡು ಬತ್ತೀನಿ."

"ಯಾರವ್ವಾ?"

ಅವಳು ತೋಂಟದಾರ್ಯನನ್ನೇ ನೋಡುತ್ತ ಹೇಳಿದಳು: "ನಂಗೆ ಬೇಕಾದೋರು ಕಣಪ್ಪಾ."