ಕೆಂಚಿಯ ತಲೆಯ ಅಡಾಪ್ಟರ್

ಮಂಗಳವಾರ ಬೆಳಿಗ್ಗೆ ಚಳ್ಳಕೆರೆ ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ಶಶಿರೇಖಾ ಎರಡು ಸಲ ಓದಿದರು. ಊರಾಚೆಯ ಸಂಶೋಧನಾಲಯದಲ್ಲಿ ಕಳ್ಳತನ. ಹೋದದ್ದು ಉಗುರಿನಷ್ಟಗಲದ ಒಂದು ಅಡಾಪ್ಟರ್. ಪಕ್ಕದಲ್ಲೇ ಇದ್ದ ಭಾರಿ ಬೆಲೆಯ ಯಂತ್ರಗಳನ್ನು ಮುಟ್ಟಿಯೂ ಇರಲಿಲ್ಲ. ಇದೆಂಥ ಕಳ್ಳನಪ್ಪಾ!

ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಕ್ಯಾತಣ್ಣನ ಜೊತೆ ಸ್ಥಳಕ್ಕೆ ಹೋದರು. ದೂರು ಕೊಟ್ಟ ಸಂಶೋಧಕಿ ಐಶ್ವರ್ಯ ಅಳುವುದೊಂದು ಬಾಕಿ.

“ಅದು ಯಾತಕ್ಕೆ ಬೇಕು?”

“ಮೂರ್ಛೆರೋಗದ ಅಧ್ಯಯನ ಮೇಡಂ. ಕುರಿಯ ಮೆದುಳಲ್ಲಿ ಕೂದಲೆಳೆಯಂಥ ಪ್ರೋಬ್ ಕೂರಿಸಿದ್ದೀವಿ. ಅದು ಹಿಡಿಯೋ ಸಂಕೇತನ ಹೆಡ್‌ಸ್ಟೇಜ್ ಅನ್ನೋ ಪುಟ್ಟ ಯಂತ್ರ ದೊಡ್ಡದು ಮಾಡಿ ಕಂಪ್ಯೂಟರಿಗೆ ಕಳಿಸುತ್ತೆ. ಆದರೆ ಪ್ರೋಬಿನ ಪಿನ್ನು ಹೆಡ್‌ಸ್ಟೇಜಿಗೆ ಕೂರಲ್ಲ. ಎರಡನ್ನೂ ಜೋಡಿಸೋದೇ ಅಡಾಪ್ಟರ್. ಹೊಸದು ವಿದೇಶದಿಂದ ಬರೋ ಹೊತ್ತಿಗೆ ಪ್ರೋಬೇ ಕೆಟ್ಟಿರುತ್ತೆ.”

ಬೀಗ ಒಡೆದಿರಲಿಲ್ಲ. ಒಳಗಿನವರದೇ ಕೆಲಸ ಎಂದು ಶಶಿರೇಖಾಗೆ ಖಾತ್ರಿಯಾಯಿತು. ಸ್ಥಳ ಪಂಚನಾಮೆ ಮುಗಿಸಿ ಕೊಟ್ಟಿಗೆಗೆ ಬಂದರು. ತಲೆಗೆ ಪಟ್ಟಿ ಕಟ್ಟಿಸಿಕೊಂಡ ಕೆಂಚಿ ಎಂಬ ಕುರಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಕೊರಳಲ್ಲಿ ಅರಿಶಿನದ ದಾರ.

“ಇದನ್ನ ಕಟ್ಟಿದ್ದು ಯಾರು?”

“ನಾನೇ ತಾಯಿ,” ಎಂದಳು ಕುರಿ ನೋಡಿಕೊಳ್ಳುವ ಬೋರಕ್ಕ.

“ಯಾಕೆ?”

ಬೋರಕ್ಕ ಕೆಂಚಿಗೆ ಸೊಪ್ಪು ಹಾಕತೊಡಗಿದಳು. ಮಾರವ್ವನ ಗುಡಿಯಿರುವ ಗೌರಸಮುದ್ರದವನಾದ ಕ್ಯಾತಣ್ಣ ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದ.

“ಮಾರವ್ವನ ಹರಕೆ ದಾರ ಮೇಡಂ. ದಾರ ಕಟ್ಟಿದೋರ ಮನೇಲಿ ಮುಡುಪಿನ ಗಂಟೂ ಇರ್ತೈತೆ. ಅದರೊಳಗೆ ಏನಿಟ್ರೂ ಯಾರೂ ಮುಟ್ಟಲ್ಲ.”

ಮಧ್ಯಾಹ್ನ ಪರಶುರಾಂಪುರದ ಬೋರಕ್ಕನ ಮನೆಗೆ ಪಂಚರೊಂದಿಗೆ ಹೋದರು. ಕಳುವಾದ ವಸ್ತುವನ್ನು ಗುರುತಿಸಲು ಐಶ್ವರ್ಯಳನ್ನೂ ಕರೆದೊಯ್ದಿದ್ದರು. ದೇವರ ಗೂಡಿನಲ್ಲಿ ಹಳದಿ ಬಟ್ಟೆಯ ಗಂಟು ತೂಗುತ್ತಿತ್ತು. ಕ್ಯಾತಣ್ಣ ಕೈ ಚಾಚಿದವನು ಹಿಂದೆಗೆದ.

“ಹರಕೆ ತೀರದಂಗೆ ಬಿಚ್ಚಬಾರ್ದು ಮೇಡಂ. ಬೇರೇರಿಗೆ ಹೇಳ್ರಿ.”

ಶಶಿರೇಖಾಗೂ ಕೈ ಬರಲಿಲ್ಲ. “ಬೋರಕ್ಕ, ನೀನೇ ಬಿಚ್ಚವ್ವ,” ಎಂದರು.

ಗಂಟಿನಲ್ಲಿ ಒಂದು ನಾಣ್ಯ, ಅದರ ಜೊತೆ ಅಡಾಪ್ಟರ್! ಐಶ್ವರ್ಯ ಗುರುತಿಸಿದಳು. ಬೋರಕ್ಕ ಗೋಡೆಗೊರಗಿ ಕೂತಳು.

“ಕೆಂಚಿ ಹುಟ್ಟಿದ ವಾರಕ್ಕೇ ಅದರವ್ವ ಸತ್ತೋತು. ಸೀಸೆ ಹಾಲು ಕುಡಿಸಿ ಸಾಕ್ದೆ. ಒಂದ್ಸಲ ಸಾಯಂಗಾದಾಗ, ಬದುಕಿದ್ರೆ ನಿನ್ ಹೆಸರಿಗೆ ಜೀವಂತ ಬಿಡ್ತೀನಿ ಮಾರವ್ವ ಅಂದ್ಬಿಟ್ಟೆ. ನಂದಲ್ಲದ ಕುರಿ ಮ್ಯಾಲೆ ಹರಕೆ ಹೊತ್ತೆ, ನನ್ ಬುದ್ಧಿಗಿಷ್ಟು! ರೆಕಾರ್ಡಿಂಗ್ ಮುಗುದ್ರೆ ಕೊಂದು ಮೆದುಳು ತೆಗೀತಾರಂತೆ. ಈ ಚೂರು ಕಳೆದ್ರೆ ಕೆಲಸ ನಿಂತಂಗೆ ಅಂತ ಈ ಅವ್ವನೇ ಅಂದಿದ್ಳು.”

ಐಶ್ವರ್ಯ ಮುಖ ತಿರುಗಿಸಿದಳು.

ಜಪ್ತಿ ಪಂಚನಾಮೆಗೆ ಪಂಚರು ಸಹಿ ಹಾಕಿದರು. ಬೋರಕ್ಕನ ಬಂಧನವಾಯಿತು. ಜೀಪು ಹತ್ತುವಾಗ ಅವಳು ಕೇಳಿದಳು: “ಆ ಚೂರು ಇನ್ನು ಎಲ್ಲಿರ್ತೈತೆ ತಾಯಿ?”

“ಕೇಸು ಮುಗಿಯೋವರೆಗೂ ಕೋರ್ಟಿನ ಸುಪರ್ದಿಯಲ್ಲಿ. ಐಶ್ವರ್ಯ ಅರ್ಜಿ ಹಾಕಿದರೆ ಮೊದಲೇ ಸಿಗುತ್ತೆ.”

“ಹಾಕದಿದ್ರೆ?”

“ಅಲ್ಲೇ ಇರುತ್ತೆ.”

“ಹಂಗಾದ್ರೆ ಕೇಸು ನಿಧಾನಕ್ಕೆ ನಡೀಲಿ. ನಾನು ಒಳಗಿದ್ರೂ ಚಿಂತಿಲ್ಲ.”

ಶಶಿರೇಖಾ ಜೀಪಿನ ಬಾಗಿಲು ಹಾಕಿದರು. ಕಳ್ಳತನ ಕಳ್ಳತನವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಹೆಂಗಸು ತನಗೆಂದು ಏನನ್ನೂ ಕದ್ದಿರಲಿಲ್ಲ.

ಮರುವಾರ ಬೋರಕ್ಕನಿಗೆ ಜಾಮೀನು ಸಿಕ್ಕಿತು. ಐಶ್ವರ್ಯಳ ಅರ್ಜಿ ಮಾತ್ರ ಇನ್ನೂ ಕೋರ್ಟಿಗೆ ಬಂದಿಲ್ಲ. ಕೆಂಚಿಗೆ ಈಗ ಸೊಪ್ಪು ಹಾಕುತ್ತಿರುವವಳು ಐಶ್ವರ್ಯಳೇ ಎಂದು ಕ್ಯಾತಣ್ಣ ಸುದ್ದಿ ತಂದ.