ಮಣಿಕಟ್ಟಿನ ಎತ್ತರ

ಬಚ್ಚಲುಮನೆಯ ಗೋಡೆಗೆ ಹಾಕಿದ ಹಿಡಿಕೆ ತಪ್ಪು ಎತ್ತರದಲ್ಲಿತ್ತು. ಸ್ವಲ್ಪ ತಪ್ಪಲ್ಲ, ಕಣ್ಣಿಗೆ ಹೊಡೆಯುವಷ್ಟು ತಪ್ಪು.

ಫಿಸಿಯೋ ಮೇಡಂ ಬಾಗಿಲಲ್ಲೇ ನಿಂತು ಅದನ್ನು ದಿಟ್ಟಿಸಿದರು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಅವರಿಗೆ ಇದೇ ಕೆಲಸ. ವಯಸ್ಸಾದವರ ಮನೆಗೆ ಹೋಗಿ, ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಎಡವುತ್ತಾರೆ, ಎಲ್ಲಿ ಏನನ್ನು ಹಿಡಿದುಕೊಳ್ಳಬೇಕು ಎಂದು ಹೇಳುವುದು. ಮನೆಯವರು ತಲೆಯಾಡಿಸುತ್ತಾರೆ, ಅರ್ಧ ಮಾಡಿಸುತ್ತಾರೆ, ಉಳಿದರ್ಧಕ್ಕೆ ಬಿದ್ದ ಮೇಲೆ ಫೋನ್ ಮಾಡುತ್ತಾರೆ.

ಈ ಮನೆಯ ಟೇಲರ್ ಮಾತ್ರ ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡಿಸುತ್ತ ಬಂದಿದ್ದರು. ಮೇಡಂಗೆ ಅದೇ ಬೇಸರ. ಮಂಡಿ ಆಪರೇಷನ್ ಆದ ಮನುಷ್ಯ ಒಂದಿಷ್ಟಾದರೂ ಹಟ ಮಾಡಬಾರದೇ? ಜಾರುವ ರಗ್ಗು ತೆಗೆಸಿ ಎಂದರೆ ತೆಗೆಸಿದರು. ಹೊಸ್ತಿಲು ಕಾಲಿಗೆ ತಗಲುತ್ತದೆ ಎಂದರೆ ಮರುವಾರ ಹೊಸ್ತಿಲೇ ಇಲ್ಲ.

ಇವತ್ತು ಕೊನೆಯ ತಪಾಸಣೆ. ಎಲ್ಲ ಸರಿಯಿದೆ ಎಂದುಬಿಟ್ಟರೆ ಈ ಮನೆಯ ಬೆಲ್ ಒತ್ತಲು ಅವರಿಗೆ ಇನ್ನು ಯಾವ ನೆಪವೂ ಉಳಿಯುತ್ತಿರಲಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ಮತ್ತೆ ಮತ್ತೆ ಓಲೆ ಬದಲಾಯಿಸುವಾಗ, ಈ ವಿಷಯ ತಮಗೆ ಗೊತ್ತೇ ಇಲ್ಲವೆಂಬಂತೆ ಇದ್ದರು. ಮದುವೆಯೆಂಬುದು ಡ್ಯೂಟಿ ಶಿಫ್ಟುಗಳ ನಡುವೆ ಎಲ್ಲೋ ಕೈತಪ್ಪಿಹೋಗಿದ್ದ ಹೆಂಗಸು. ಇಂಥದ್ದರಲ್ಲಿ ಅಭ್ಯಾಸ ಕಡಿಮೆ.

ಹಾಗಾಗಿ ತಪ್ಪು ಕಂಡಾಗ ಮೊದಲು ಬಂದದ್ದು ಸಂತೋಷ. ಸಿಟ್ಟು ಅದರ ಬೆನ್ನಿಗೇ ಬಂತು. ಟೇಲರಂಥ ಉದ್ದದ ಆಳು ಒದ್ದೆ ನೆಲದ ಮೇಲೆ ಇಷ್ಟು ಬಗ್ಗಿದರೆ ಹೊಸ ಮಂಡಿಯೂ ಹೋಯಿತು, ಹಳೆಯ ಸೊಂಟವೂ ಹೋಯಿತು.

“ಏನ್ ಮೇಸ್ತ್ರಿ ಇದು?”

ಮೇಸ್ತ್ರಿ ಡ್ರಿಲ್ಲಿನ ವೈರು ಸುತ್ತುತ್ತಿದ್ದರು. “ನಾನ್ ಹೇಳ್ದೆ ಮೇಡಂ, ನಿಮ್ಮ ಹೈಟಿಗೆ ಇದು ಆಗಲ್ಲ ಸಾರ್ ಅಂತ. ‘ಅಳತೆ ನಂದು, ತೂತು ನಿಂದು, ಸುಮ್ನೆ ಕೊರಿ’ ಅಂದ್ಬಿಟ್ರು.”

ಟೈಲಿನ ಮೇಲೆ ನೀಲಿ ಗೀಟು ಇನ್ನೂ ಇತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ್ದು.

ಅಡುಗೆಮನೆಯ ಶೆಲ್ಫೂ ಕೆಳಗೆ. ಮೆಟ್ಟಿಲ ಪಕ್ಕದ ಕಂಬಿಯೂ ಕೆಳಗೆ. ಎಲ್ಲದರ ಪಕ್ಕದಲ್ಲೂ ಅದೇ ನೀಲಿ ಗೀಟು.

ಟೇಲರ್ ಹಜಾರದ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು; ಕೆಳಗಿನ ಅಂಗಡಿ ಈಗ ಮಗಳದು, ಅವಳ ಮಶೀನು ಓಡುವ ಸದ್ದು ಕೇಳುತ್ತಿತ್ತು. ಅಂಗಡಿ ಬಿಟ್ಟರೂ ಟೇಪು ಮಾತ್ರ ಅವರ ಕೊರಳು ಬಿಟ್ಟಿರಲಿಲ್ಲ.

“ಜೀವಮಾನ ಇಡೀ ಊರೋರ ಅಳತೆ ತಗೊಂಡ್ರಲ್ಲ, ಸ್ವಂತದ್ದು ತಗೊಳ್ಳೋಕೆ ಬರಲ್ವಾ?”

“ಬರುತ್ತೆ.”

“ನಾನೇನು ಹೇಳಿದ್ದೆ? ಕೈ ಇಳಿಬಿಟ್ಟು ನಿಂತ್ರೆ ಮಣಿಕಟ್ಟು ಎಲ್ಲಿ ಬರುತ್ತೋ ಅಲ್ಲಿ ಹಿಡಿಕೆ. ಗೋಡೆ ಪಕ್ಕ ನಿಂತು ತೋರ್ಸ್ಲಿಲ್ವಾ?”

“ತೋರ್ಸಿದ್ರಿ. ಚೆನ್ನಾಗೇ ತೋರ್ಸಿದ್ರಿ.”

ಟೇಲರ್ ಕನ್ನಡಕದ ಮೇಲಿಂದ ನೋಡಿದರು. ಆ ನೋಟ ಮೇಡಂ ಭುಜದಲ್ಲಿ ಶುರುವಾಗಿ, ತೋಳಗುಂಟ ಇಳಿದು, ಮಣಿಕಟ್ಟಿನ ಹತ್ತಿರ ನಿಂತಿತು. ಯಾವ ಟೇಪೂ ಅಷ್ಟು ನಿಧಾನವಾಗಿ ಇಳಿಯುವುದಿಲ್ಲ.

“ಅಳತೆ ಸರಿಯಾಗೇ ಇದೆ ಮೇಡಂ. ಯಾರದು ಅಂತ ನೀವು ಕೇಳ್ಲಿಲ್ಲ.”

ಮೇಡಂ ಬಚ್ಚಲುಮನೆಗೆ ಹೋದರು. ಗೋಡೆ ಪಕ್ಕ ನಿಂತು ಕೈ ಇಳಿಬಿಟ್ಟರು. ಚೆನ್ನಾಗಿ ಹೊಲಿದ ಅಂಗಿ ಮೈಗೆ ಕೂರುವ ಹಾಗೆ ಹಿಡಿಕೆ ಅಂಗೈಗೆ ಕೂತಿತು. ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿಗೆ ಕೈ ಚಾಚಿದರು. ಹಿಮ್ಮಡಿ ನೆಲದ ಮೇಲೇ ಇತ್ತು. ಹಿಂದೊಮ್ಮೆ ಇದೇ ಡಬ್ಬಿಗಾಗಿ ತುದಿಗಾಲಲ್ಲಿ ನಿಂತಿದ್ದರು. ಟೇಲರ್ ಆಗ ಸುಮ್ಮನೆ ನೋಡುತ್ತಿದ್ದರು.

ವಾಪಸು ಬಂದಾಗ ಮೇಡಂ ದನಿಯಲ್ಲಿ ಆಸ್ಪತ್ರೆಯ ಗತ್ತು ಅರ್ಧ ಮಾತ್ರ ಉಳಿದಿತ್ತು.

“ನನಗೆ ನನ್ನದೇ ಮನೆ ಇದೆ.”

“ಮೂರನೇ ಮಹಡೀಲಿ. ಲಿಫ್ಟಿಲ್ಲ. ಊರಿಗೆಲ್ಲ ಹಿಡಿಕೆ ಹಾಕಿಸ್ತೀರ, ನಿಮ್ಮನೇಲಿ ಒಂದೂ ಇಲ್ಲ. ನೀವೇ ಹೇಳಿದ್ದು.”

“ಬಾಯಿಬಿಟ್ಟು ಕೇಳಬಹುದಿತ್ತಲ್ಲ?”

“ಬಾಯಿ ತೆಗೆದಾಗಲೆಲ್ಲ ಮಂಡಿ ಬಗ್ಸಿ, ಚಾಚಿ ಅಂತಿದ್ರಿ. ಆ ನೋವಲ್ಲಿ ಯಾರಿಗೆ ಪ್ರೀತಿ ಮಾತು ಬರುತ್ತೆ?” ಟೇಲರ್ ಕನ್ನಡಕ ತೆಗೆದರು. “ಈಗ ಕೇಳ್ತಿದೀನಿ. ಮಗಳಿಗೂ ಹೇಳಿದೀನಿ. ಈ ಮನೆ ನಿಮಗೆ ಹೊಂದುತ್ತಾ, ಟ್ರಯಲ್ ನೋಡಿ. ಬೇಡ ಅಂದ್ರೆ ಬಿಚ್ಚಿಸ್ತೀನಿ.”

ಕೆಳಗೆ ಮಶೀನಿನ ಸದ್ದು ನಿಂತುಹೋಯಿತು.

“ಮೇಸ್ತ್ರಿ,” ಮೇಡಂ ಕರೆದರು, “ಡ್ರಿಲ್ ಎತ್ತಿಡ್ಬೇಡಿ.”

“ಬಿಚ್ಬೇಕಾ ಮೇಡಂ?”

ಟೇಲರ್ ಮುಖ ಸಣ್ಣದಾಯಿತು. ಮೇಡಂ ಅದನ್ನು ಒಂದು ಗಳಿಗೆ ನೋಡಿದರು. ಇಷ್ಟು ದಿನ ಕಾಯಿಸಿದ್ದಕ್ಕೆ ಅಷ್ಟಾದರೂ ಬೇಕಿತ್ತು.

“ಬಿಚ್ಬೇಡಿ. ಅದು ಅಲ್ಲೇ ಇರ್ಲಿ. ಅದರ ಮೇಲೆ ಇನ್ನೊಂದು ಹಾಕಿ, ಇವರ ಎತ್ತರಕ್ಕೆ. ಒಂದೇ ಮನೇಲಿ ಇಬ್ರಿದ್ರೆ ಎರಡು ಬೇಕಾಗುತ್ತೆ.” ಟೇಲರ್ ಕೊರಳಿಂದ ಟೇಪು ಎಳೆದುಕೊಂಡರು. “ಈ ಸಲ ಅಳತೆ ನಾನು ತಗೋತೀನಿ. ಏಳಿ, ಕೈ ಇಳಿಬಿಟ್ಟು ನಿಂತ್ಕೊಳ್ಳಿ.”

“ಏಳೋಕೆ ಏನು ಹಿಡ್ಕೊಳ್ಲಿ? ನನ್ನ ಹೈಟಿಗೆ ಮನೇಲಿ ಏನೂ ಇಲ್ವಲ್ಲ.”

ಮೇಡಂ ಕೈ ಚಾಚಿದರು.

ಎದ್ದು ನಿಂತ ಮೇಲೂ ಟೇಲರ್ ಅದನ್ನು ಬಿಡಲಿಲ್ಲ. ಕೈ ಇಳಿಬಿಡದೆ ಅಳತೆ ತೆಗೆಯುವುದು ಹೇಗೆಂದು ಮೇಡಂ ಕೇಳಲೂ ಇಲ್ಲ. ಮೇಸ್ತ್ರಿ ಗೋಡೆ ಕಡೆ ತಿರುಗಿ ಡ್ರಿಲ್ಲಿನ ವೈರನ್ನು ನಿಧಾನವಾಗಿ ಬಿಚ್ಚತೊಡಗಿದರು. ಕೆಳಗೆ, ಅಂಗಡಿಯಲ್ಲಿ, ಮಶೀನು ಮತ್ತೆ ಓಡಲು ಶುರುವಾಯಿತು.