ಶಿವದೇವಿಯ ಮನೆಯವರು

“ಆ ಮನಷ್ಯಾ ದಿನಾ ಬಂದು ನನ್ನ ಬಾಜೂಕ ಕೂಡ್ತಾನವಾ. ಕೈ ಹಿಡೀತಾನ. ಲಗ್ನಾದ ಹೆಣ್ಮಗಳು ನಾನು. ನಮ್ಮ ಮನಿಯವರಿಗೆ ಗೊತ್ತಾದ್ರ ಏನಂದಾರು?”

ಶಿವದೇವಿ ಕೌನ್ಸೆಲರ್ ಸಂಯುಕ್ತಾಳ ಮುಂದೆ ಹೀಗೆ ಕಣ್ಣೀರು ಹಾಕುತ್ತಿದ್ದಾಗ, ‘ಆ ಮನಷ್ಯಾ’ ಬಾಗಿಲಾಚೆಯೇ ನಿಂತಿದ್ದರು. ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಹೆಸರು ಸಿದ್ದರಾಮಪ್ಪ. ಶಿವದೇವಿಯ ಮನೆಯವರು ಎಂದರೆ ಅವರೇ.

ಬಾಗಲಕೋಟೆಯಿಂದ ಮದುವೆಯಾಗಿ ಬಂದು, ಹೈದರಾಬಾದಿನ ರಕ್ಷಣಾ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಅವರೊಡನೆ ಸಂಸಾರ ಹೂಡಿದವಳು ಅವಳು. ಮಕ್ಕಳಾಗಲಿಲ್ಲ. ವಯಸ್ಸಾದ ಮೇಲೆ ಬಂದ ಮರೆವು ಮೊದಲು ಅವಳು ಕಲಿತಿದ್ದ ತೆಲುಗನ್ನು ಕಿತ್ತುಕೊಂಡಿತು, ಆಮೇಲೆ ಗಂಡನ ಮುಖವನ್ನೇ. ಅವಳು ಗ್ಯಾಸ್ ಹಚ್ಚಿಟ್ಟು ಬೀದಿಗೆ ನಡೆದುಬಿಟ್ಟ ದಿನ ಸಿದ್ದರಾಮಪ್ಪ ಸೋತರು. ಅಮೀರ್‌ಪೇಟ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಈ ಹೋಮ್‌ಗೆ ಅವಳನ್ನು ಸೇರಿಸಿದರು. ದಿಲ್‌ಸುಖ್‌ನಗರದಿಂದ ಮೆಟ್ರೋ ಹಿಡಿದು ದಿನವೂ ಬರುತ್ತಿದ್ದರು.

ಅವಳ ನೆನಪಿನಲ್ಲಿದ್ದ ಗಂಡನಿಗೆ ಇನ್ನೂ ಕಪ್ಪು ಮೀಸೆ. ಅವನು ಶಿಫ್ಟ್‌ಗೆ ಹೋಗಿದ್ದ, ಇನ್ನೇನು ಬರುವವನಿದ್ದ. ಈ ಬೋಳುತಲೆಯ ಮುದುಕ ಯಾರೋ!

ಅವರ ಊರ ಕಡೆಯವಳೇ ಆದ ಸಂಯುಕ್ತಾ ಹೊರಗೆ ಬಂದು ಅವರನ್ನು ಬೆಂಚಿನ ಮೇಲೆ ಕೂರಿಸಿದಳು.

“ಕೇಳಿದ್ರೇನು ಕಾಕಾ?”

“ಕೇಳಿದೆನವಾ. ಒಳಗ ಹೋಗಿ ನಾನ ನಿನ್ನ ಗಂಡ ಅಂತ ಮತ್ತೊಮ್ಮೆ ಹೇಳ್ತೀನಿ.”

“ಬ್ಯಾಡ್ರಿ. ಹಂಗ ಹೇಳಿದಾಗೆಲ್ಲಾ ಅವರಿಗೆ ಅಂಜಿಕಿ ಜಾಸ್ತಿ ಆಗಾಕತ್ತೈತಿ. ಊಟ ಬಿಟ್ಟಾರ. ಹಿಂಗ ಆದ್ರ ಡಾಕ್ಟರ್ ಗುಳಿಗಿ ಹೆಚ್ಚು ಮಾಡ್ತಾರ, ಆಮ್ಯಾಲ ದಿನಪೂರ್ತಿ ಮಲಗೇ ಇರ್ತಾರ.”

“ಹಂಗಾದ್ರ ನಾ ಬರಬಾರದೇನು?”

“ಬರ್ರಿ. ಆದ್ರ ಸ್ವಲ್ಪ ದಿನ ದೂರ ಕೂಡ್ರಿ. ಅವರಾಗೇ ಕರಿಯೂತನಕ ಗಂಡ ಅಂತ ಹೇಳಬ್ಯಾಡ್ರಿ.” ಆಮೇಲೆ ಅವಳು ಮೆತ್ತಗೆ ಕೇಳಿದಳು, “ನೀವು ಹ್ಯಾಂಗದೀರಿ, ಕಾಕಾ?”

ಹಾಗೆ ಯಾರೂ ಕೇಳಿರಲಿಲ್ಲ. ಸಿದ್ದರಾಮಪ್ಪ ಡಬ್ಬಿಯ ಮುಚ್ಚಳ ತಿರುವುತ್ತ ಕೂತರು. “ಮನಿ ಕೀಲಿ ತಗದು ಇನ್ನಾ ‘ಬಂದೆ’ ಅಂತೀನವಾ. ರೂಢಿ. ಆಮ್ಯಾಲ ಅಲ್ಲೇ ನಿಂತಬಿಡ್ತೀನಿ, ಒಳಗ ಹೋಗಾಕ ಕಾಲ ಬರಂಗಿಲ್ಲ.”

ಮರುದಿನದಿಂದ ಅವರು ಹಾಲ್‌ನ ಆ ತುದಿಯಲ್ಲಿ, ಟಿವಿ ಪಕ್ಕ ಕೂರತೊಡಗಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುವುದು ಯಾಕೋ ಶುರುವಾಯಿತು. ಟಿವಿಯಲ್ಲಿ ತೆಲುಗು ಸುದ್ದಿಯವರು ಕೂಗಾಡುತ್ತಿದ್ದರೂ ಅವರಿಗೆ ಕೇಳುತ್ತಿದ್ದುದು ಹಾಲ್‌ನ ಈ ತುದಿಯಲ್ಲಿ ಶಿವದೇವಿಯ ಬಳೆ ಸದ್ದು ಮಾತ್ರ.

ಶಿವದೇವಿ ಊಟ ಮಾಡತೊಡಗಿದಳು. ನಡುನಡುವೆ ಒಮ್ಮೆ ತಲೆಯೆತ್ತಿ ನೋಡುವಳು. ಇವರೂ ನೋಡಿಬಿಟ್ಟರೆ ಚಟ್ಟನೆ ಸೆರಗು ಸರಿಮಾಡಿಕೊಂಡು ಕಿಟಕಿಯತ್ತ ತಿರುಗುವಳು. ಸ್ವಲ್ಪ ಹೊತ್ತಿಗೆ ಮತ್ತೆ ಆ ಕಣ್ಣು, ಸೆರಗಿನ ಅಂಚಿನಿಂದ, ಕಂಡೂ ಕಾಣದ ಹಾಗೆ. ಲಗ್ನಕ್ಕೆ ಮೊದಲು ಹೆಣ್ಣು ನೋಡಲು ಹೋದಾಗ ಅವಳು ಹೀಗೇ ನೋಡಿದ್ದಳೇ? ಆಗ ನಾಚಿಕೆಯಲ್ಲಿ ಇವರೇ ತಲೆಯೆತ್ತಿರಲಿಲ್ಲ.

ಜ್ವರ ಬಂದು ಸಿದ್ದರಾಮಪ್ಪ ಎರಡು ದಿನ ಬರಲಾಗಲಿಲ್ಲ. ಮತ್ತೆ ಬಂದಾಗ ಸಂಯುಕ್ತಾ ಗೇಟಿನಲ್ಲೇ ಹೇಳಿದಳು, “ನಿನ್ನೆ ಶಿವದೇವಿ ಕಾಕು ಕೇಳಿದ್ರು. ಟಿವಿ ಬಾಜೂಕ ಕೂಡ್ತಿದ್ದವರು ಎಲ್ಲಿ, ಮೈಯಾಗ ಆರಾಮ ಇಲ್ಲೇನು ಅಂತ.”

ಸಿದ್ದರಾಮಪ್ಪನವರ ಮುಖ ಅರಳಿತು. ಮರುಕ್ಷಣವೇ ಒಂದು ಸಂಕಟ. ತನ್ನನ್ನಲ್ಲವಲ್ಲ ಅವಳು ಕೇಳಿದ್ದು, ಯಾರೋ ಪರಗಂಡಸನ್ನು. ಇನ್ನು ಆ ಕಪ್ಪು ಮೀಸೆಯವನಂತೂ ಅವಳ ಎದೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಇಬ್ಬರ ಮೇಲೂ ಹೊಟ್ಟೆಕಿಚ್ಚಾಯಿತು. ಇಬ್ಬರೂ ತಾನೇ ಎಂದು ನೆನಪಾಗಿ ನಗುವೂ ಬಂತು.

ಒಂದು ಮಧ್ಯಾಹ್ನ ಶಿವದೇವಿ ಸಂಯುಕ್ತಾಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಉಸುರಿದಳು. ಸಂಯುಕ್ತಾ ನಗು ತಡೆಯುತ್ತ ಟಿವಿಯ ಪಕ್ಕ ಸಿದ್ದರಾಮಪ್ಪನವರ ಬಳಿಗೆ ಬಂದಳು.

“ನಿಮಗ ಲಗ್ನ ಆಗೇತೇನು ಅಂತ ಕೇಳಾಕತ್ತಾರ ಕಾಕಾ.”

“ಆಗೇತಿ ಅಂತ ಹೇಳವಾ. ಹೆಂಡ್ತಿ ಅಂದ್ರ ಭಾಳ ಜೀವ ಅಂತ ಹೇಳು.”

ಇಡೀ ಸಂಸಾರದಲ್ಲಿ ಒಮ್ಮೆಯೂ ಆ ಮಾತನ್ನು ಅವಳಿಗೆ ಹೇಳಿರಲಿಲ್ಲ.

ಸಂಯುಕ್ತಾ ಹೋಗಿ ಹೇಳಿದಳು. ಶಿವದೇವಿ ಕೇಳಿಸಿಕೊಂಡು ಅವರನ್ನೇ ಬಹಳ ಹೊತ್ತು ನೋಡಿದಳು, ಈ ಸಲ ಕಣ್ಣು ತಪ್ಪಿಸದೆ. ಬಿಗಿದಿದ್ದ ಮುಖ ಸಡಿಲವಾಯಿತು.

“ಹಂಗಾದ್ರ ಅಂಜಿಕಿ ಇಲ್ಲ ಬಿಡವಾ. ಇಲ್ಲೇ ಬಂದು ಕೂಡಾಕ ಹೇಳು.”

ಸಿದ್ದರಾಮಪ್ಪ ಬಂದು ಕೂತರು. ಕೈ ತಾನಾಗಿ ಅವಳ ಕೈ ಹುಡುಕೀತೆಂದು ಎರಡನ್ನೂ ಮೊಣಕಾಲ ಮೇಲೆ ಒತ್ತಿಟ್ಟುಕೊಂಡರು.

“ನಿಮ್ಮ ಮನಿಯವರು ಎಲ್ಲಿ ಅದಾರ್ರಿ?” ಶಿವದೇವಿ ಕೇಳಿದಳು.

“ಹೊರಗ ಹೋಗ್ಯಾಳ್ರಿ. ಇನ್ನಾ ಬಂದಿಲ್ಲ.”

“ಭಾಳ ಹೊತ್ತಾತೇನ್ರಿ?”

“ಆತ್ರಿ.”

“ನಮ್ಮವರೂ ಇನ್ನಾ ಬಂದಿಲ್ಲ ನೋಡ್ರಿ. ಡ್ಯೂಟಿಗೆ ಹ್ವಾದ್ರ ಮನಿ ನೆನಪ ಇರಂಗಿಲ್ಲ ಅವರಿಗೆ. ಮಾತೂ ಕಡಿಮಿ. ಆದ್ರ ನನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ.” ಅವಳು ತಲೆತಗ್ಗಿಸಿ ಬಳೆ ತಿರುವಿದಳು. “ನೀವು ಬಂದ್ರ ಮನಸ್ಸಿಗೆ ಹಿತ ಆಗತೈತ್ರಿ. ಅದಕ್ಕ ಅಂಜಿದ್ದೆ.”

ಸಿದ್ದರಾಮಪ್ಪ ಕಣ್ಣು ಒರೆಸಿಕೊಂಡರು.

ಶಿವದೇವಿ ಕುರ್ಚಿಯನ್ನು ಸ್ವಲ್ಪ ಅವರ ಕಡೆ ಎಳೆದುಕೊಂಡಳು. “ಅಳಬ್ಯಾಡ್ರಿ. ಬರ್ತಾರ. ಅಲ್ಲೀಮಟ ಇಬ್ಬರೂ ಕೂಡೇ ದಾರಿ ನೋಡೋಣು.”

ಕಿಟಕಿಯಲ್ಲಿ ಕಾಣುವ ಗೇಟಿನಾಚೆ ಪಕ್ಕದ ಹಾಸ್ಟೆಲ್‌ನ ಹುಡುಗಿಯರು ಗುಂಪಾಗಿ ಹಾದುಹೋದರು. ಗಂಡ ಹೆಂಡತಿ ಇಬ್ಬರೂ ಗೇಟಿನತ್ತ ಮುಖ ಮಾಡಿ ಕೂತರು.